500 ಮಿ.ಲೀ. ಮತ್ತು ನನ್ನ ನಾನಿ

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಅಂಕಿಯೊಂದಿದೆ: ಒಂದು ಸಾಧಾರಣ ಉಸಿರಿಗೆ ಸುಮಾರು 500 ಮಿ.ಲೀ. ಗಾಳಿ. ಪರೀಕ್ಷೆಗೆ ಅಷ್ಟು ಸಾಕು. ನನ್ನ ನಾನಿಗೆ ಪಿತ್ತಕೋಶದ ಆಪರೇಷನ್ ಆಗಬೇಕೆಂದಾಗ ಆ ಅಂಕಿ ಮತ್ತೆ ನೆನಪಾಯಿತು.

ನಾನಿ ಹೆದರಿದ್ದು ಕತ್ತರಿಗಲ್ಲ, ವೆಂಟಿಲೇಟರ್‌ಗೆ. "ಮೆಷಿನ್ ಹಾಕಿದ ಮೇಲೆ ವಾಪಸ್ ಬರ್ತೀನಾ ಬೇಟಾ?" ಎಂದರು. ಕೊರೊನಾ ಕಾಲದ ಸುದ್ದಿಗಳು ಅವರ ಮನಸ್ಸಿನಿಂದ ಹೋಗಿಲ್ಲ. ಬರೀ ಸಮಾಧಾನ ಹೇಳುವ ಬದಲು ನಾನು ಓದಿದೆ, ಅರಿವಳಿಕೆ ವೈದ್ಯರನ್ನೂ ಕೇಳಿದೆ.

ಕೊರೊನಾ ರೋಗಿಗಳ ಶ್ವಾಸಕೋಶವೇ ಕೆಟ್ಟಿತ್ತು. ಆಪರೇಷನ್‌ನಲ್ಲಿ ಹಾಗಲ್ಲ, ಔಷಧಿಯಿಂದ ಸ್ನಾಯುಗಳು ಸಡಿಲವಾಗುವುದರಿಂದ ಸ್ವಲ್ಪ ಹೊತ್ತು ಯಂತ್ರ ಉಸಿರಾಡಿಸುತ್ತದೆ. ನಮ್ಮ ವಪೆ ಗಾಳಿಯನ್ನು ಎಳೆದುಕೊಳ್ಳುತ್ತದೆ, ಯಂತ್ರ ತಳ್ಳುತ್ತದೆ. ಅತಿಯಾಗಿ ತಳ್ಳಿದರೆ ವಾಯುಕೋಶಗಳಿಗೆ ಗಾಯ. ಅದಕ್ಕೇ ಕಿಲೋಗೆ 6ರಿಂದ 8 ಮಿ.ಲೀ. ಮಾತ್ರ, ಅದೂ ತಕ್ಕಡಿಯ ತೂಕಕ್ಕಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕಕ್ಕೆ. ಮೈ ದಪ್ಪವಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲವಲ್ಲ! 150 ಸೆಂ.ಮೀ. ಎತ್ತರದ ನಾನಿಗೆ ಆ ತೂಕ ಸುಮಾರು 43 ಕಿಲೋ. ಅಂದರೆ 260ರಿಂದ 345 ಮಿ.ಲೀ. ಪಠ್ಯದ 500 ಅವರಿಗೆ ಹೆಚ್ಚು.

ಇನ್ನೊಂದು ತೊಂದರೆ, ಅರಿವಳಿಕೆಯಲ್ಲಿ ಮಲಗಿದವರ ಶ್ವಾಸಕೋಶದ ಬೆನ್ನಿನ ಕಡೆಯ ಭಾಗ ಮುದುಡುತ್ತದೆ. ಅದು ತೆರೆದಿರಲೆಂದು ಉಸಿರು ಬಿಟ್ಟ ಮೇಲೂ ಸ್ವಲ್ಪ ಒತ್ತಡ ಉಳಿಸುತ್ತಾರೆ. 2013ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ ಹೊಟ್ಟೆಯ ಆಪರೇಷನ್ ಆದವರು 400 ಮಂದಿ. ದೊಡ್ಡ ಉಸಿರಿನ ಹಳೆಯ ಕ್ರಮದಲ್ಲಿ ಶೇ. 27.5 ಮಂದಿಗೆ ಗಂಭೀರ ತೊಂದರೆಗಳಾದವು; ಸಣ್ಣ ಉಸಿರು, ಉಳಿಸಿದ ಒತ್ತಡ, ಆಗಾಗ ಶ್ವಾಸಕೋಶ ಅರಳಿಸುವ ಹೊಸ ಕ್ರಮದಲ್ಲಿ ಶೇ. 10.5.

ಆದರೆ ಒತ್ತಡ ಎಷ್ಟಿರಬೇಕು? ಕಡಿಮೆಯಾದರೆ ಮುದುಡುತ್ತದೆ, ಹೆಚ್ಚಾದರೆ ತೆರೆದ ಭಾಗ ಹಿಗ್ಗುತ್ತದೆ. ಚುಚ್ಚದೆ, ಕೊಯ್ಯದೆ ಒಳಗೆ ನೋಡಲು ಎರಡು ದಾರಿಗಳಿವೆ. ಅಲ್ಟ್ರಾಸೌಂಡ್‌ನಲ್ಲಿ ಗಾಳಿ ತುಂಬಿದ ಶ್ವಾಸಕೋಶ ಅಡ್ಡಗೆರೆಗಳಾಗಿ ಕಾಣುತ್ತದೆ, ಮುದುಡಿದ ಭಾಗ ಯಕೃತ್ತಿನಂತೆ ಗಟ್ಟಿಯಾಗಿ. ಎರಡನೆಯದು ಎದೆಗೆ ಕಟ್ಟುವ 16 ಅಥವಾ 32 ಎಲೆಕ್ಟ್ರೋಡುಗಳ ಪಟ್ಟಿ. ಅರಿವಿಗೇ ಬಾರದಷ್ಟು ಸಣ್ಣ ವಿದ್ಯುತ್ ಹರಿಸುತ್ತದೆ. ಗಾಳಿ ತುಂಬಿದಲ್ಲಿ ಪ್ರತಿರೋಧ ಹೆಚ್ಚು. ಆದ್ದರಿಂದ ಪ್ರತಿ ಉಸಿರು ಎಲ್ಲಿಗೆ ಹೋಯಿತೆಂದು ಪರದೆಯಲ್ಲಿ ಕಾಣುತ್ತದೆ. ನಮ್ಮ ಭೌತಶಾಸ್ತ್ರದ ಪಾಠಗಳೇ!

ಎಲ್ಲ ಕೇಳಿದ ನಾನಿ, "ಹಾಗಾದ್ರೆ ನನ್ನ ಎತ್ತರ ಸರಿಯಾಗಿ ಅಳೆಯೋಕೆ ಹೇಳು" ಎಂದು ಒಪ್ಪಿಕೊಂಡರು. ನಿಮ್ಮ ಮನೆಯಲ್ಲೂ ಯಾರಿಗಾದರೂ ಆಪರೇಷನ್ ಇದ್ದರೆ ದಮ್ಮು, ಕೆಮ್ಮು, ಬೀಡಿ ಯಾವುದನ್ನೂ ವೈದ್ಯರಿಂದ ಮುಚ್ಚಿಡಬೇಡಿ. ಈ ಸಂಚಿಕೆ ನಿಮ್ಮ ಕೈಸೇರುವಾಗ ನಾನಿಯ ಆಪರೇಷನ್ ಮುಗಿದಿರುತ್ತದೆ, ಇನ್ಶಾ ಅಲ್ಲಾಹ್. ದುಆದಲ್ಲಿ ಅವರನ್ನು ನೆನೆಯಿರಿ.