ಹೊನ್ನುಹೊಳೆಯ ದಾರಿಯಲ್ಲಿ ಒಂದೀಡಿನ ಕೋವಿ

ಚಾಮರಾಜನಗರ ಬಿಟ್ಟು ಬಿಳಿಗಿರಿರಂಗನ ಬೆಟ್ಟದ ಕಡೆ ಹೊರಟ ನಮ್ಮ ಬಸ್ಸಿನಲ್ಲಿ ಒಂಬತ್ತನೆಯ ತರಗತಿಯ ಮೂವತ್ತೆಂಟು ಮಕ್ಕಳು, ಇಬ್ಬರು ಮೇಷ್ಟ್ರುಗಳು, ನಾಲ್ವರು ಪೋಷಕರು ಇದ್ದೆವು. ಕಾಡು ಇನ್ನೂ ದೂರವಿರುವಾಗಲೇ ಹಿಂದಿನ ಸೀಟಿನಲ್ಲಿ ಬೇಟೆ ಶುರುವಾಗಿತ್ತು. ಮೊಬೈಲಿನ ಆಟದಲ್ಲಿ ಯಾವ ಕೋವಿ ದೊಡ್ಡದು ಎಂಬ ವಾದ. 'ಒಂದೊಂದೇ ಗುಂಡು ತುಂಬಿ ಹೊಡೆಯುವವನೇ ನಿಜವಾದ ಬೇಟೆಗಾರ' ಎಂದು ಒಬ್ಬ ಹುಡುಗ ತೀರ್ಪು ಕೊಟ್ಟುಬಿಟ್ಟ. ಪಕ್ಕದಲ್ಲಿದ್ದ ಪೋಷಕರೊಬ್ಬರಿಗೆ ಖುಷಿಯಾಯಿತು. 'ನಿಜ ಸಾರ್. ಹಳೆಯ ಕಾಲದ ಶಿಕಾರಿಗಳದ್ದು ಧರ್ಮಯುದ್ಧ. ಒಂದೇ ಈಡು. ತಪ್ಪಿದರೆ ಪ್ರಾಣಿ ಗೆದ್ದ ಹಾಗೆ' ಎಂದರು.

ಸುಲಭವಾಗಿ ತಳ್ಳಿಹಾಕುವ ಮಾತಲ್ಲ ಅದು. ಚಿಕ್ಕಂದಿನಲ್ಲಿ ನಾನೂ ಅದನ್ನು ನಂಬಿದ್ದವನೇ. ಮೇಲಾಗಿ, ಆ ಮಾತನ್ನು ಒರೆಗೆ ಹಚ್ಚಿ ನೋಡುವುದಕ್ಕೆ ನಾವು ಹೋಗುತ್ತಿದ್ದ ದಾರಿಗಿಂತ ತಕ್ಕ ಜಾಗ ಇನ್ನೊಂದು ಸಿಗುವುದು ಕಷ್ಟ.

ಊರಿನ ಸುತ್ತ ಅರಿಸಿನ, ಬಾಳೆ, ಕಬ್ಬಿನ ಹೊಲಗಳು. ಅವುಗಳಾಚೆ ನೀಲಿ ಬೆಟ್ಟದ ಸಾಲು. ಆ ಬೆಟ್ಟಗಳ ನೀರನ್ನು ಹೊತ್ತು ತರುವ ಸುವರ್ಣಾವತಿಗೆ ಹಳೆಯ ಹೆಸರು ಹೊನ್ನುಹೊಳೆ. ಈಗ ಅಟ್ಟುಗೂಳಿಪುರದ ಬಳಿ ಅದಕ್ಕೆ ಅಣೆಕಟ್ಟು ಇದೆ. ಅಣೆಕಟ್ಟು ಬರುವುದಕ್ಕೆ ಬಹಳ ಮೊದಲು, ಹತ್ತೊಂಬತ್ತನೆಯ ಶತಮಾನದಲ್ಲಿ, ಈ ಸೀಮೆಯ ಕಾಲುವೆಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವನು ಜಿ.ಪಿ. ಸ್ಯಾಂಡರ್ಸನ್. ಅವನಿಗೆ ಕಾಲುವೆಗಿಂತ ಆನೆಯ ಹುಚ್ಚು ಹೆಚ್ಚು. ಸರ್ಕಾರದ ಒಪ್ಪಿಗೆ ಪಡೆದು 1874ರಲ್ಲಿ ಈ ಹೊಳೆಯ ಆಸುಪಾಸಿನಲ್ಲೇ ಖೆಡ್ಡಾ ಮಾಡಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದ. ಕಾಡುಮೃಗಗಳ ನಡುವೆ ತಾನು ಕಳೆದ ಹದಿಮೂರು ವರ್ಷಗಳ ಅನುಭವವನ್ನು 1878ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ಆನೆ ಹಿಡಿಯುವವನು ಆನೆ ಹೊಡೆಯುವವನೂ ಆಗಿದ್ದ ಕಾಲ ಅದು.

ಸ್ಯಾಂಡರ್ಸನ್ ತನ್ನ ಕೋವಿಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಮೊದಮೊದಲು ಹನ್ನೆರಡು ಬೋರಿನ ಕೋವಿಯಿಂದ ಕೆಲವು ಆನೆಗಳನ್ನು ಹೊಡೆದನಂತೆ. ಅದು ಸಾಲದೆನಿಸಿ ಲಂಡನ್ನಿನ ಲ್ಯಾಂಗ್ ಕಂಪನಿಯಲ್ಲಿ ನಾಲ್ಕು ಬೋರಿನ, ಒಂದೇ ನಳಿಗೆಯ ರೈಫಲ್ ಮಾಡಿಸಿಕೊಂಡ. ತೂಕ ಹದಿನಾರೂವರೆ ಪೌಂಡು, ಅಂದರೆ ಏಳೂವರೆ ಕೆ.ಜಿ.

ಬೋರು ಎಂದರೇನು ಎಂದು ಮಕ್ಕಳು ಕೇಳಿದರು. ಮೇಷ್ಟ್ರಿಗೆ ಇಂಥ ಪ್ರಶ್ನೆ ಸಿಕ್ಕರೆ ಬಿಡುತ್ತಾನೆಯೇ! ಒಂದು ಪೌಂಡು ಸೀಸವನ್ನು ನಾಲ್ಕು ಸಮ ಗುಂಡುಗಳಾಗಿ ಮಾಡಿ, ಅದರಲ್ಲಿ ಒಂದು ಹಿಡಿಸುವಷ್ಟು ಅಗಲದ ನಳಿಗೆಗೆ ನಾಲ್ಕು ಬೋರು ಎನ್ನುತ್ತಾರೆ. ಗುಂಡಿನ ತೂಕ 113 ಗ್ರಾಂ. ಸೀಸದ ಸಾಂದ್ರತೆ 11.34. ಭಾಗಿಸಿದರೆ ಗಾತ್ರ ಹತ್ತು ಘನ ಸೆಂಟಿಮೀಟರ್. ಗೋಲದ ಸೂತ್ರ ಹಾಕಿದರೆ ವ್ಯಾಸ 2.67 ಸೆಂ.ಮೀ. ಮುಂದಿನ ಸೀಟಿನ ಹುಡುಗಿಯೊಬ್ಬಳು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಲೆಕ್ಕ ಮಾಡಿ, 'ದೊಡ್ಡ ಗೋಲಿಯಷ್ಟು ಸಾರ್' ಎಂದಳು. ಅದೇ ರೀತಿ ಹನ್ನೆರಡು ಬೋರಿನದು 1.85 ಸೆಂ.ಮೀ. ಬೋರಿನ ಸಂಖ್ಯೆ ಇಳಿದಷ್ಟೂ ನಳಿಗೆ ಅಗಲವಾಗುವುದು ಇದೇ ಕಾರಣಕ್ಕೆ.

ಆ ಗುಂಡು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೋಗುತ್ತದೆ ಎಂದು ಹಿಡಿಯೋಣ. ನ್ಯೂಟನ್ನನ ಮೂರನೆಯ ನಿಯಮ ಕೋವಿಯನ್ನೂ ಬಿಡುವುದಿಲ್ಲ. ಏಳೂವರೆ ಕೆ.ಜಿ.ಯ ಕೋವಿ ಸೆಕೆಂಡಿಗೆ ಆರು ಮೀಟರ್ ವೇಗದಲ್ಲಿ ಭುಜಕ್ಕೆ ಒದೆಯುತ್ತದೆ. ಅಷ್ಟೇ ತೂಕದ ಮೂಟೆಯೊಂದನ್ನು ಆಳೆತ್ತರದಿಂದ ಭುಜದ ಮೇಲೆ ಕೆಡವಿದರೆ ಎಷ್ಟೋ ಅಷ್ಟು. ಮದ್ದಿನ ಅನಿಲದ ತಳ್ಳಾಟವನ್ನು ಇದರಲ್ಲಿ ಸೇರಿಸಿಲ್ಲ.

ಇಂಥ ಕೋವಿಗೆ ಒಂದೇ ನಳಿಗೆ, ಒಂದೇ ಈಡು ಯಾಕೆ? ಕಾರಣಗಳಿವೆ. ಜೋಡುನಳಿಗೆಯ ಎರಡು ನಳಿಗೆಗಳು ಒಂದೇ ಕಡೆ ಗುಂಡು ಹಾಕುವಂತೆ ಹೊಂದಿಸುವುದು ನುರಿತ ಕಸುಬಿನವನ ಕೆಲಸ. ಬೆಲೆಯೂ ಅದಕ್ಕೆ ತಕ್ಕಂತೆ. ಒಂಟಿ ನಳಿಗೆಗೆ ಆ ತಾಪತ್ರಯವಿಲ್ಲ. ಆ ಶತಮಾನದ ಕೊನೆಯ ಭಾಗದಲ್ಲಿ ಬಂದ ಒಂದೀಡಿನ ರೈಫಲುಗಳ ಒಳಗನ್ನು ನೋಡಿದರೆ ಯಂತ್ರ ಪ್ರೀತಿಸುವ ಯಾರಿಗಾದರೂ ಸಂತೋಷವಾಗಬೇಕು. ಸ್ಕಾಟ್ಲೆಂಡಿನ ಜಾನ್ ಫರ್ಕರ್ಸನ್ 1872ರಲ್ಲಿ ಪೇಟೆಂಟ್ ಪಡೆದ ಮಾದರಿಯನ್ನೇ ತೆಗೆದುಕೊಳ್ಳಿ. ಕೆಳಗಿನ ಸನ್ನೆಯನ್ನು ಒತ್ತಿದರೆ ನಳಿಗೆಯ ಹಿಂದಿರುವ ಉಕ್ಕಿನ ದಿಮ್ಮಿ ನೆಟ್ಟಗೆ ಕೆಳಕ್ಕೆ ಜಾರುತ್ತದೆ. ತೋಟಾ ಇಟ್ಟು ಸನ್ನೆ ಎತ್ತಿದರೆ ದಿಮ್ಮಿ ಮೇಲೆ ಬಂದು ಗೋಡೆಯಂತೆ ನಿಲ್ಲುತ್ತದೆ. ಬೋಲ್ಟ್ ಹಿಂದಕ್ಕೆ ಎಳೆಯುವ ಕೋವಿಗಳಲ್ಲಿ ತೋಟಾದ ಉದ್ದಕ್ಕೆ ಸರಿಯಾಗಿ ಬೋಲ್ಟು ಹಿಂದೆ ಸರಿಯಲು ಜಾಗ ಬೇಕು, ಇಲ್ಲಿ ಬೇಡ. ಹಾಗಾಗಿ ನಳಿಗೆಯ ಉದ್ದ ಅಷ್ಟೇ ಇದ್ದರೂ ಇಡೀ ಕೋವಿ ನಾಲ್ಕಂಗುಲದಷ್ಟು ಗಿಡ್ಡ. ಪೊದೆ ದಟ್ಟವಾಗಿರುವ ಕಾಡಿನಲ್ಲಿ ನಾಲ್ಕಂಗುಲ ದೊಡ್ಡ ಮಾತೇ. ಭಾಗಗಳು ಕಡಿಮೆ, ಬಲ ಹೆಚ್ಚು. 1967ರಲ್ಲಿ ಅಮೆರಿಕದ ರೂಗರ್ ಕಂಪನಿ ಇದೇ ತತ್ವದ ಮೇಲೆ ಹೊಸ ರೈಫಲ್ ತಂದಾಗ ಕೊಳ್ಳುವವರು ಸಿಕ್ಕಿದ್ದು ಸುಮ್ಮನೆ ಅಲ್ಲ.

ಇನ್ನೊಂದು ಆಕರ್ಷಣೆ ಕೋವಿಯ ಒಳಗಿನದಲ್ಲ, ಮನುಷ್ಯನ ಒಳಗಿನದು. ಇರುವುದೊಂದೇ ಗುಂಡು ಎಂದಾಗ ಹತ್ತಿರ ಹೋಗುತ್ತಾನೆ, ಕಾಯುತ್ತಾನೆ, ಅನುಮಾನವಿದ್ದರೆ ಹೊಡೆಯದೆ ಬರುತ್ತಾನೆ. ನಮ್ಮ ಪೋಷಕರು ಹೇಳಿದ ಧರ್ಮ ಇದೇ.

ಆದರೆ ಸ್ಯಾಂಡರ್ಸನ್ ಆ ಒಂಟಿ ನಳಿಗೆಯನ್ನು ಬಿಟ್ಟುಬಿಟ್ಟ. ಒಮ್ಮೆ ತೋಟಾ ಹಾರಲಿಲ್ಲ. ಕುದುರೆ ಬಡಿಯಿತು, ಮದ್ದು ಸುಮ್ಮನಿತ್ತು. ಅವತ್ತು ತನ್ನ ಕಥೆ ಮುಗಿಯುವುದರಲ್ಲಿತ್ತು ಎಂಬ ಅರ್ಥದಲ್ಲಿ ಒಂದೇ ವಾಕ್ಯದಲ್ಲಿ ಬರೆದು, ಗ್ರೀನರ್ ಕಂಪನಿಯ ನಾಲ್ಕು ಬೋರಿನ ಜೋಡುನಳಿಗೆಗೆ ಬದಲಾಯಿಸಿದ್ದನ್ನು ಹೇಳುತ್ತಾನೆ. ಅದರ ತೂಕ ಹತ್ತೊಂಬತ್ತೂವರೆ ಪೌಂಡು. ಮೂರು ಪೌಂಡು ಹೆಚ್ಚು ಹೊರುವುದೇ ಮೇಲು ಎಂದು ಅವನಿಗೆ ಅನ್ನಿಸಿತು. ಅಂಥ ಕೋವಿಯನ್ನು ಭುಜದ ಮೇಲಿಟ್ಟು ಬೆಟ್ಟ ಹತ್ತಿದವನ ಮಾತು ಇದು. ನಾವು ಬಸ್ಸಿನಲ್ಲಿ ಕೂತು ಆಡುವ ಮಾತಲ್ಲ.

ಲೆಕ್ಕ ಹಾಕಿ ನೋಡಿದರೂ ಅವನದೇ ಸರಿ. ಥಾಯ್ಲೆಂಡಿನ ಆನೆಗಳನ್ನು ಓಡಿಸಿ ಅಳೆದ ವಿಜ್ಞಾನಿಗಳ ತಂಡವೊಂದು 2003ರಲ್ಲಿ ಪ್ರಕಟಿಸಿದಂತೆ ಅವುಗಳ ವೇಗ ಗಂಟೆಗೆ ಸುಮಾರು 25 ಕಿ.ಮೀ.ವರೆಗೆ ಹೋಗುತ್ತದೆ, ಅಂದರೆ ಸೆಕೆಂಡಿಗೆ ಏಳು ಮೀಟರ್. ಮೂವತ್ತು ಮೀಟರ್ ದೂರದ ಆನೆ ನಾಲ್ಕು ಸೆಕೆಂಡು ಕಳೆದು ಸ್ವಲ್ಪ ಹೊತ್ತಿಗೆ ಎದುರು ನಿಂತಿರುತ್ತದೆ. ಬ್ರಿಟಿಷ್ ಸೈನ್ಯ 1871ರಲ್ಲಿ ಬಳಕೆಗೆ ತಂದ ಮಾರ್ಟಿನಿ-ಹೆನ್ರಿ ಎಂಬ ಒಂದೀಡಿನ ರೈಫಲಿನಲ್ಲಿ ಪಳಗಿದ ಸಿಪಾಯಿ ನಿಮಿಷಕ್ಕೆ ಹನ್ನೆರಡು ಈಡು ಹೊಡೆಯುತ್ತಿದ್ದ ಎನ್ನುತ್ತಾರೆ. ಒಂದಕ್ಕೆ ಐದು ಸೆಕೆಂಡು. ಅದೂ ಕೈ ನಡುಗದಿದ್ದರೆ. ಕಪ್ಪು ಮದ್ದಿನ ಹೊಗೆಯೋ, ಹೊಡೆದ ಮೇಲೆ ಮೋಡದಂತೆ ಮುಚ್ಚಿಕೊಂಡು, ಗುಂಡು ತಗುಲಿತೇ, ಪ್ರಾಣಿ ಯಾವ ಕಡೆ ಹೋಯಿತು ಎಂದು ಕಾಣಗೊಡುತ್ತಿರಲಿಲ್ಲ. ಮಾರ್ಟಿನಿಯ ಮೊದಲ ತೋಟಾಗಳ ತೆಳು ಹಿತ್ತಾಳೆ ಬಿಸಿಗೆ ನಳಿಗೆಯಲ್ಲೇ ಅಂಟಿ, ಬುಡ ಮಾತ್ರ ಕಿತ್ತು ಬರುವುದೂ ಇತ್ತು. ಆನೆಯ ತಲೆ ಕಾಣುವುದು ದೊಡ್ಡದು. ಒಳಗೆ ಜೇನುಗೂಡಿನಂಥ ಟೊಳ್ಳು ಎಲುಬು, ಅದರ ಹಿಂದೆ ತಲೆಯ ಗಾತ್ರಕ್ಕೆ ಹೋಲಿಸಿದರೆ ಪುಟ್ಟ ಮೆದುಳು. ಎರಡಂಗುಲ ತಪ್ಪಿದರೆ ಈಡು ತಪ್ಪಿದಂತೆಯೇ.

'ಹಾಗಾದರೆ ಪ್ರಾಣಿಗೆ ಅವಕಾಶ ಇತ್ತು ಅಂತಾಯಿತಲ್ಲ ಸಾರ್?' ಪೋಷಕರು ಬಿಡಲಿಲ್ಲ.

ಅದಕ್ಕೆ ಅಮೆರಿಕದ ಬಯಲುಗಳನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಮೂರು ಕೋಟಿಯಷ್ಟು ಕಾಡುಕೋಣಗಳಿದ್ದವು ಎಂದು ಅಂದಾಜು. ಬೈಸನ್ ಎಂದು ನಮ್ಮ ಕಾಟಿಗೂ ಹೇಳುವುದುಂಟು, ಆದರೆ ಅದೇ ಬೇರೆ, ಇದೇ ಬೇರೆ. ರೈಲು ಬಂತು, ಅವುಗಳ ತೊಗಲನ್ನು ಹದಮಾಡಿ ಕಾರ್ಖಾನೆಯ ಬೆಲ್ಟುಗಳಿಗೆ ಬಳಸುವ ವಿಧಾನ 1870ರ ದಶಕದ ಆರಂಭದಲ್ಲಿ ಸಿಕ್ಕಿತು. ತೊಗಲಿನ ಬೇಟೆಗಾರರ ಅಚ್ಚುಮೆಚ್ಚಿನ ಕೋವಿ ಯಾವುದು ಎಂದಿರಿ? ಷಾರ್ಪ್ಸ್ ಎಂಬ ಒಂದೀಡಿನ ರೈಫಲ್. ಹಿಂಡು ಬೆದರದಷ್ಟು ದೂರದಲ್ಲಿ ಮಲಗಿ, ಮುಂದಾಳು ಹಸುವನ್ನು ಮೊದಲು ಹೊಡೆಯುವುದು. ಉಳಿದವು ಎತ್ತ ಹೋಗುವುದೆಂದು ತಿಳಿಯದೆ ಬಿದ್ದದ್ದನ್ನು ಮೂಸುತ್ತ ನಿಲ್ಲುತ್ತಿದ್ದವು. ಒಂದಾದ ಮೇಲೊಂದು ತೋಟಾ ತುಂಬಲು ಬೇಕಾದಷ್ಟು ಹೊತ್ತು. ನಳಿಗೆ ಕಾದರೆ ನೀರು ಹೊಯ್ದು ತಣಿಸುವುದು. 1880ರ ದಶಕ ಮುಗಿಯುವಾಗ ಉಳಿದಿದ್ದವು ಸಾವಿರದ ಆಸುಪಾಸು. ಮೂರು ಕೋಟಿ ಪ್ರಾಣಿಗಳ ಕತೆ ಮುಗಿಸಿದ್ದರಲ್ಲಿ ದೊಡ್ಡ ಪಾಲು ಒಂದೊಂದೇ ಗುಂಡು ತುಂಬುವ ಕೋವಿಯದು. ಎದುರು ನುಗ್ಗದ ಪ್ರಾಣಿಯ ಮುಂದೆ ಒಂದೇ ಈಡು ಎಂಬುದು ತಡೆಯೇ ಅಲ್ಲ.

ಬಸ್ಸು ಸ್ವಲ್ಪ ಹೊತ್ತು ಸುಮ್ಮನಾಯಿತು. ನನಗೆ ನಮ್ಮ ಮಾವನ ನೆನಪು ಬಂತು. ಮಕ್ಕಳಿಗೆ ಹೇಳಲೋ ಬೇಡವೋ ಎಂದುಕೊಂಡು, ಹೇಳಿದೆ.

ಮಲೆನಾಡಿನ ನಮ್ಮ ಮನೆಯಲ್ಲಿ ಗದ್ದೆ ಕಾಯಲು ಹನ್ನೆರಡು ಬೋರಿನ ಒಂಟಿನಳಿಗೆ ಇತ್ತು. ರೈಫಲ್ ಅಲ್ಲ, ಸಾದಾ ಕೋವಿ. 'ಎರಡು ತೋಟಾ ಒಯ್ದರೆ ಮೊದಲನೆಯದು ದಂಡ, ಒಂದೇ ಒಯ್ದರೆ ಗುರಿ ತಾನೇ ಬರುತ್ತದೆ' ಎಂದು ಮಾವ ಹೇಳುತ್ತಿದ್ದರು. ನನಗೆ ಹನ್ನೆರಡು ವರ್ಷವಿದ್ದಾಗ ಒಂದು ರಾತ್ರಿ ಬ್ಯಾಟರಿ ಹಿಡಿಯಲು ನನ್ನನ್ನು ಕರೆದೊಯ್ದರು. ವನ್ಯಜೀವಿ ಕಾಯಿದೆ 1972ರಲ್ಲೇ ಬಂದಿತ್ತು. ನಮಗೆ ಗೊತ್ತಿರಲಿಲ್ಲ ಎನ್ನುವುದು ಸಬೂಬು. ಬೆಳಕಿನಲ್ಲಿ ಹಂದಿ ನಿಂತಿತು, ಈಡು ಹಾರಿತು, ಹಂದಿ ಮುಗ್ಗರಿಸಿ ಎದ್ದಿತು. ಮಾವನ ಕೈ ಜೇಬಿಗೆ ಹೋಯಿತು. ಜೇಬು ಖಾಲಿ. ಬೆಳಿಗ್ಗೆ ರಕ್ತದ ಜಾಡು ಹಿಡಿದು ಹಳ್ಳದವರೆಗೆ ಹೋದೆವು; ನೀರಿನಲ್ಲಿ ಜಾಡು ತಪ್ಪಿತು. ನಾಲ್ಕನೆಯ ದಿನ ವಾಸನೆಯಿಂದ ಸಿಕ್ಕಿತು. ಕೆಳದವಡೆ ಒಡೆದಿತ್ತು. ತಿನ್ನಲಾಗದೆ, ಕುಡಿಯಲಾಗದೆ ಎಷ್ಟು ದಿನ ಬದುಕಿತ್ತೋ. ಇನ್ನೊಂದು ತೋಟಾ ಇದ್ದಿದ್ದರೆ ಆ ರಾತ್ರಿಯೇ ಮುಗಿಯುತ್ತಿತ್ತು. ಧರ್ಮಯುದ್ಧ ಎಂದಾಗಲೆಲ್ಲ ನನಗೆ ಆ ದವಡೆ ಕಾಣುತ್ತದೆ. ಈಡು ತಪ್ಪಿದರೆ ಬೇಟೆಗಾರ ಮನೆಗೆ ಹೋಗಿ ಊಟ ಮಾಡುತ್ತಾನೆ.

ಆಫ್ರಿಕದಲ್ಲಿ ಇಂದಿಗೂ ದುಡ್ಡು ಕೊಟ್ಟು ಒಂದೀಡಿನ ರೈಫಲಿನಲ್ಲಿ ಕಾಡೆಮ್ಮೆ ಹೊಡೆಯುವವರಿದ್ದಾರೆ. ಅವರ ಬೆನ್ನ ಹಿಂದೆ ದೊಡ್ಡ ಕೋವಿ ಹಿಡಿದ ವೃತ್ತಿ ಬೇಟೆಗಾರ ಸಾಮಾನ್ಯವಾಗಿ ನಿಂತಿರುತ್ತಾನೆ. ಒಂದೇ ಗುಂಡಿನ ಹೆಮ್ಮೆ ಮುಂದಿನವನದು, ಎರಡನೆಯ ಗುಂಡಿನ ಜವಾಬ್ದಾರಿ ಹಿಂದಿನವನದು.

ಚೆಕ್‌ಪೋಸ್ಟ್ ದಾಟಿದೆವು. 1974ರಲ್ಲಿ ಅಭಯಾರಣ್ಯವಾದ ಈ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ರಸ್ತೆಯ ಎರಡೂ ಬದಿ ಲಂಟಾನ ಗೋಡೆ ಕಟ್ಟಿದಂತೆ ಬೆಳೆದಿತ್ತು. ಹತ್ತು ಹೆಜ್ಜೆ ಆಚೆ ಏನಿದೆಯೋ ತಿಳಿಯದು. ಕ್ಯಾತದೇವರ ಗುಡಿ ಇನ್ನೂ ಸ್ವಲ್ಪ ದೂರವಿರುವಾಗ ಡ್ರೈವರ್ ಬಸ್ಸು ನಿಲ್ಲಿಸಿ ಎಂಜಿನ್ ಆರಿಸಿದ. ಎಡಗಡೆಯಿಂದ ಹೆಣ್ಣಾನೆಯೊಂದು ರಸ್ತೆಗೆ ಇಳಿಯಿತು, ಅದರ ಹೊಟ್ಟೆಯಡಿ ಮರಿ.

ಹಿಂದಿನ ಸೀಟಿನ ಹುಡುಗ ಪಿಸುಗುಟ್ಟಿದ: 'ಸಾರ್, ಮೂವತ್ತು ಮೀಟರ್ ಇರಬಹುದಾ?'

'ಇರಬಹುದು' ಎಂದೆ. ಅವನು ಗಡಿಯಾರ ನೋಡುತ್ತಾ ಬಾಯಲ್ಲೇ ಎಣಿಸತೊಡಗಿದ. ಒಂದು, ಎರಡು, ಮೂರು, ನಾಲ್ಕು. ಆನೆ ಸೊಂಡಿಲೆತ್ತಿ ನಮ್ಮ ಕಡೆ ವಾಸನೆ ಹಿಡಿಯಿತು. ಪೋಷಕರು ಕಿಟಕಿಯ ಗಾಜನ್ನು ಸದ್ದಾಗದಂತೆ ಮುಚ್ಚಿಕೊಂಡರು. ಮರಿಯನ್ನು ಮುಂದೆ ಬಿಟ್ಟುಕೊಂಡು ಅದು ಬಲಗಡೆಯ ಲಂಟಾನದೊಳಗೆ ಇಳಿದು ಹೋಗುವಾಗ ಹುಡುಗನ ಎಣಿಕೆ ಐವತ್ತು ದಾಟಿತ್ತು.