ಮಳವಳ್ಳಿಯಿಂದ ಮಂಡ್ಯದ ಬಯಲಿಗೆ

ವಿಶ್ರಾಂತಿವೇತನ ಪಡೆಯುವ ಉಪಾಧ್ಯಾಯನಿಗೆ ತೀರ್ಥಯಾತ್ರೆಯೇ ಶೋಭೆಯೆಂದು ಲೋಕದ ಎಣಿಕೆ. ನಾನಾದರೋ ಕಳೆದ ಕಾರ್ತಿಕಮಾಸದಲ್ಲಿ, ಹಿರಿಯರ ಕ್ರೀಡಾಕೂಟವೊಂದರಲ್ಲಿ ಚಕ್ರ ಎಸೆಯುವುದಕ್ಕೆಂದು ಮಳವಳ್ಳಿಯಿಂದ ಮಂಡ್ಯಕ್ಕೆ ಹೊರಟೆನು. "ಈ ವಯಸ್ಸಿನಲ್ಲಿ ಸುದರ್ಶನಧಾರಣೆಯೇ?" ಎಂದು ಮನೆಯಾಕೆ ನಕ್ಕಳು, ಆದರೂ ಬುತ್ತಿ ಕಟ್ಟಿಕೊಟ್ಟಳು.

ಭಾರತೀನಗರದ ಬಳಿ ಕಬ್ಬಿನ ಗಾಡಿಗಳು ಸಾಲುಗಟ್ಟಿ ಕಾರ್ಖಾನೆಯತ್ತ ಸಾಗಿದ್ದುವು. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಗದ್ದೆಗಳ ಹಸುರು ಕಣ್ಣಿಗೆ ತಂಪೆರೆಯಿತು. ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ವಡೆಯ ಪರಿಮಳವು ಕೈಬೀಸಿ ಕರೆಯಿತು. ಸ್ಪರ್ಧೆಯ ಭಯದಿಂದ ಒಂದನ್ನು ಮಾತ್ರ ತಿಂದೆನು. ಅಲ್ಲಿಯೇ ಶಿವಪುರದಲ್ಲಿ 1938ರಲ್ಲಿ ಸರಕಾರದ ನಿಷೇಧವನ್ನು ಲೆಕ್ಕಿಸದೆ ರಾಷ್ಟ್ರಧ್ವಜವನ್ನೇರಿಸಿದವರನ್ನು ನೆನೆದು, ಒಂದು ಚಕ್ರಕ್ಕೆ ಅಂಜುವ ನನ್ನ ಬಗೆಗೆ ನಾನೇ ನಾಚಿದೆನು.

ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ವಯಸ್ಸಿನ ದಾಖಲೆಯನ್ನು ತೋರಿಸಿ ಹೆಸರು ಬರೆಯಿಸಿದೆನು. ಇಂತಹ ಕೂಟಗಳಲ್ಲಿ ಐದೈದು ವರ್ಷಗಳಿಗೊಂದು ವರ್ಗವುಂಟು. ತರುಣರ ಚಕ್ರವು 2 ಕಿಲೋ ತೂಗಿದರೆ, 60 ತುಂಬಿದ ಗಂಡಸರದು 1 ಕಿಲೋ ಮಾತ್ರ. ಇದು ಕನಿಕರವಲ್ಲ, ನ್ಯಾಯವೆಂದು ನನಗೆ ತೋರಿತು.

ಎಸೆಯುವ ವೃತ್ತದ ವ್ಯಾಸ 2.5 ಮೀಟರು. ಚಕ್ರವು ನೆಲ ಮುಟ್ಟುವ ತನಕ ಎಸೆದವನು ವೃತ್ತದೊಳಗೇ ಇರಬೇಕು. ಬಳಿಕ ಅದರ ಹಿಂದಿನ ಅರ್ಧದಿಂದಲೇ ಹೊರಬರಬೇಕು. ಇದನ್ನು ಕೇಳಿ ತಿಳಿಯದ ನಾನು ಮೊದಲ ಎಸೆತದ ಸಂಭ್ರಮದಲ್ಲಿ ಮುಂದಕ್ಕೆ ನಡೆದುಬಿಟ್ಟೆನು. ಕೆಂಪು ಬಾವುಟವೆದ್ದಿತು, ಎಸೆತವು ವ್ಯರ್ಥವಾಯಿತು. 'ಪ್ರಶ್ನೆಯನ್ನು ಓದಿ ಉತ್ತರ ಬರೆಯಿರೋ' ಎಂದು ಮೂವತ್ತು ವರ್ಷ ಹುಡುಗರನ್ನು ಗದರಿದ ಬಾಯಿ ಕಟ್ಟಿಹೋಯಿತು. ತರಗತಿಗೆ ಹೊಸದಾಗಿ ಬಂದು ತಪ್ಪಿ ನಿಂತ ಬಾಲಕನ ಎದೆಬಡಿತವೆಂತಹುದೆಂದು ಆ ಕ್ಷಣದಲ್ಲಿ ನನಗೆ ತಿಳಿಯಿತು. ಎಷ್ಟು ಮಂದಿಯನ್ನು ಹಾಗೆ ನಿಲ್ಲಿಸಿದ್ದೆನೋ!

ಹಿರಿಯ ವರ್ಗದ ಸರದಿಗಾಗಿ ಕಾದಿದ್ದ ಎಪ್ಪತ್ತು ದಾಟಿದ ರೈತರೊಬ್ಬರು ಹತ್ತಿರ ಬಂದು, "ಯೋಚ್ನೆ ಮಾಡ್ಬೇಡಿ ಮೇಷ್ಟ್ರೇ, ಇನ್ನೂ ಎರಡವೆ. ಎಸೆದು ನಿಂತ್ಕೊಳಿ, ಆಮೇಲೆ ಹಿಂದಿಂದ ಬನ್ನಿ" ಎಂದರು. ಗದರಿಕೆಯಿಲ್ಲದ ಆ ಪಾಠವು ಒಂದೇ ಸಲಕ್ಕೆ ಮನದಲ್ಲಿ ನಿಂತಿತು. ಎರಡನೆಯ ಎಸೆತ 14 ಮೀಟರು ದಾಟಿತು, ಬಿಳಿಯ ಬಾವುಟವೆದ್ದಿತು. ನನ್ನ ವರ್ಗದಲ್ಲಿ ನಾನೇ ಕಡೆಯವನು. ಆದರೂ ಮೊದಲಿಗನಷ್ಟೇ ಹಿಗ್ಗಿದೆನು.

ಹೊಸದಾಗಿ ಸ್ಪರ್ಧೆಗಿಳಿಯುವ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ನಿಯಮಗಳನ್ನು ಮೊದಲೇ ಕೇಳಿ ತಿಳಿಯಿರಿ, ಕೇಳುವುದಕ್ಕೆ ವಯಸ್ಸು ಅಡ್ಡಬಾರದಿರಲಿ. ಬಲ್ಲವರಾದರೋ, ಹೊಸಬರಿಗೆ ಎರಡನೆಯ ಎಸೆತದ ಧೈರ್ಯವನ್ನು ಕೊಡಿರಿ. ಹಿಂದಿರುಗುವಾಗ ಮದ್ದೂರಿನಲ್ಲಿ ಎರಡು ವಡೆ ತಿಂದು, ಮನೆಯಾಕೆಗೂ ಎರಡನ್ನು ಕಟ್ಟಿಸಿಕೊಂಡೆನು.