ನಾನು ಕೊಡಬೇಕಾಗಿದ್ದ ಎರಡು ಅಂಕ

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನಿಗೆ ತಾನು ತಿದ್ದಿದ ಉತ್ತರಪತ್ರಿಕೆಗಳೆಲ್ಲ ನೆನಪಿರುವುದು ಸಾಧ್ಯವಿಲ್ಲ. ಆದರೂ ಒಂದು ಪತ್ರಿಕೆ ಮಾತ್ರ ನನ್ನ ಮನಸ್ಸಿನಿಂದ ಇನ್ನೂ ಮಾಸಿಲ್ಲ. ಅದನ್ನು ಬರೆದಾಕೆ ಇಂದು ಈ ಬರಹಗಳ ಓದುಗರಲ್ಲಿ ಒಬ್ಬಳು. ಆದ್ದರಿಂದ ಇದು ಲೇಖನವೂ ಹೌದು, ತಪ್ಪೊಪ್ಪಿಗೆಯೂ ಹೌದು.

2002ನೆಯ ಇಸವಿ. ಹಿಂದಿನ ವರ್ಷದ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ನಡೆದ ದಾಳಿಯ ಸುದ್ದಿ ಇನ್ನೂ ಆರಿರಲಿಲ್ಲ. ಸಮಾಜ ವಿಜ್ಞಾನದ ತರಗತಿಯಲ್ಲಿ ಮೊದಲ ಹತ್ತು ನಿಮಿಷ ವೃತ್ತಪತ್ರಿಕೆಯ ಸುದ್ದಿಗಳನ್ನು ಚರ್ಚಿಸುವುದು ನನ್ನ ಪದ್ಧತಿಯಾಗಿತ್ತು. ಭಯೋತ್ಪಾದನೆಯ ಆರೋಪ ಹೊತ್ತ ವಿದೇಶೀಯರನ್ನು ಸೇನಾ ಆಯೋಗಗಳೇ ವಿಚಾರಣೆ ಮಾಡಬೇಕೆಂದು ಅಧ್ಯಕ್ಷ ಜಾರ್ಜ್ ಬುಷ್ 2001ರ ನವೆಂಬರಿನಲ್ಲಿ ಆದೇಶ ಹೊರಡಿಸಿದ್ದರು. ಅದನ್ನು ವಿವರಿಸುತ್ತ, "ದೇಶದ ಭದ್ರತೆಯ ವಿಷಯದಲ್ಲಿ ಅಲ್ಲಿ ಅಧ್ಯಕ್ಷರ ಮಾತೇ ಕೊನೆಯದು" ಎಂದು ನಾನು ಬಹಳ ಆತ್ಮವಿಶ್ವಾಸದಿಂದ ಹೇಳಿದ್ದೆ.

ಮುಂದಿನ ಕಿರುಪರೀಕ್ಷೆಯಲ್ಲಿ ಈ ಹುಡುಗಿ, ಅಂತಹ ಆದೇಶವೂ ಕಾನೂನಿಗೆ ಒಳಪಟ್ಟದ್ದೇ, ನ್ಯಾಯಾಲಯ ಅದನ್ನು ರದ್ದುಪಡಿಸಬಹುದು ಎಂದು ಬರೆದಳು. ನಾನು ಕೆಂಪು ಶಾಯಿಯಲ್ಲಿ ಗೀಟೆಳೆದು ಎರಡು ಅಂಕ ಕಳೆದೆ. ಆಕೆ ಮೇಜಿನ ಬಳಿ ಬಂದು, "ಸಾರ್, ಇದು ಯಾಕೆ ತಪ್ಪು?" ಎಂದು ಕೇಳಿದಳು. "ಕ್ಲಾಸಿನಲ್ಲಿ ಹೇಳಿದ್ದನ್ನ ಬರಿಯಮ್ಮ, ಹೋಗಿ ಕೂತ್ಕೋ" ಎಂದೆ. ಆಕೆ ಮರುಮಾತಾಡದೆ ಹೋಗಿ ಕುಳಿತಳು.

2006ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟು ಹಮ್ದಾನ್ ಪ್ರಕರಣದಲ್ಲಿ ತೀರ್ಪಿತ್ತಿತು. ಆ ಆಯೋಗಗಳಿಗೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಅನುಮತಿಯಿಲ್ಲ, ಅವು ಸೇನಾ ನ್ಯಾಯಸಂಹಿತೆಯನ್ನೂ ಜಿನೀವಾ ಒಪ್ಪಂದಗಳನ್ನೂ ಉಲ್ಲಂಘಿಸುತ್ತವೆ ಎಂದು ಐವರು ನ್ಯಾಯಮೂರ್ತಿಗಳು ಹೇಳಿದರು, ಮೂವರು ಒಪ್ಪಲಿಲ್ಲ. ಅಧ್ಯಕ್ಷರು ಕಾಂಗ್ರೆಸ್ಸಿನ ಬಳಿಗೆ ಹೋಗಿ ಹೊಸ ಕಾನೂನನ್ನೇ ಪಡೆಯಬೇಕಾಯಿತು. ಸುದ್ದಿಯನ್ನು ನಾನು ಓದಿದೆ, ಹುಡುಗಿಯ ನೆನಪೂ ಆಯಿತು. ಆದರೆ ಆಕೆಯ ವಿಳಾಸವನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ನಿಜ ಹೇಳಬೇಕೆಂದರೆ, ನಾಚಿಕೆಯಾಗಿತ್ತು.

ನಿವೃತ್ತಿಯ ಅನಂತರ ಬಿಡುವು ದೊರೆತಾಗ ಈ ವಿಷಯವನ್ನು ಬುಡದಿಂದ ಓದಿದೆ. ಕೊರಿಯಾ ಯುದ್ಧದ ಕಾಲದಲ್ಲಿ ಉಕ್ಕಿನ ಕಾರ್ಮಿಕರು ಮುಷ್ಕರಕ್ಕೆ ಸಿದ್ಧರಾದರು. ಉಕ್ಕು ನಿಂತರೆ ಶಸ್ತ್ರಾಸ್ತ್ರ ನಿಲ್ಲುತ್ತದೆಂದು ಅಧ್ಯಕ್ಷ ಟ್ರೂಮನ್ 1952ರ ಏಪ್ರಿಲ್ 8ರಂದು 10340ನೆಯ ಕಾರ್ಯಾಂಗದ ಆದೇಶ ಹೊರಡಿಸಿ ಖಾಸಗಿ ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಎರಡು ತಿಂಗಳೂ ಕಳೆಯಲಿಲ್ಲ. ಜೂನ್ 2ರಂದು ಸುಪ್ರೀಂ ಕೋರ್ಟು ಆರು-ಮೂರರ ಬಹುಮತದಿಂದ ಆ ಆದೇಶವನ್ನು ತಳ್ಳಿಹಾಕಿತು. ಆ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಪ್ರತಿಯೊಬ್ಬರೂ ಟ್ರೂಮನ್ ಅಥವಾ ಅವರ ಪಕ್ಷದವರೇ ಆದ ರೂಸ್‌ವೆಲ್ಟ್ ನೇಮಿಸಿದವರು! ಟ್ರೂಮನ್ ಕಾರ್ಖಾನೆಗಳನ್ನು ಮರಳಿಸಿದರು. ಮುಷ್ಕರ ಏಳು ವಾರಗಳಿಗೂ ಹೆಚ್ಚು ಕಾಲ ನಡೆಯಿತು.

ಆ ಪ್ರಕರಣದಲ್ಲಿ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದ ಸಹಮತದ ತೀರ್ಪು ಇಂದಿಗೂ ಅಳತೆಗೋಲಾಗಿದೆ. ನಮ್ಮ ಶಾಲೆಯ ಉದಾಹರಣೆಯಿಂದ ಹೇಳುತ್ತೇನೆ. ಆಡಳಿತ ಮಂಡಳಿ ಒಪ್ಪಿದ ವಿಷಯದಲ್ಲಿ ಮುಖ್ಯೋಪಾಧ್ಯಾಯರು ಸುತ್ತೋಲೆ ಕಳಿಸಿದರೆ ಅದರ ಬಲ ಪೂರ್ಣ. ಮಂಡಳಿ ಏನೂ ಹೇಳದಿದ್ದರೆ ಬಲ ಅನುಮಾನಾಸ್ಪದ. ಮಂಡಳಿ ಬೇಡವೆಂದ ಮೇಲೂ ಕಳಿಸಿದರೆ ಬಲ ಅತ್ಯಲ್ಪ. ಟ್ರೂಮನ್ನರದು ಈ ಮೂರನೆಯ ಬಗೆ. ಮುಷ್ಕರ ತಡೆಯಲು ಕಾರ್ಖಾನೆಗಳನ್ನು ವಶಪಡಿಸಿಕೊಳ್ಳುವ ಅಧಿಕಾರದ ಸಲಹೆಯನ್ನು ಕಾಂಗ್ರೆಸ್ 1947ರಲ್ಲಿಯೇ ತಿರಸ್ಕರಿಸಿತ್ತು. ಅಂದರೆ ಆದೇಶದ ಬಲ ಸಂವಿಧಾನದಿಂದಲೋ ಶಾಸನದಿಂದಲೋ ಬರಬೇಕು. 'ಭದ್ರತೆ' ಎಂಬ ಪದ ಅದನ್ನು ತಾನಾಗಿ ಹುಟ್ಟಿಸಲಾರದು.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಮತ್ತೊಮ್ಮೆ ಅರ್ಧಪಾಠ ಹೇಳಿದಂತಾಗುತ್ತದೆ. 1942ರ ಫೆಬ್ರವರಿ 19ರಂದು ರೂಸ್‌ವೆಲ್ಟ್ ಹೊರಡಿಸಿದ 9066ನೆಯ ಆದೇಶದಿಂದ ಜಪಾನೀ ಮೂಲದ ಸುಮಾರು 1,20,000 ಜನ ಮನೆಮಠ ಬಿಟ್ಟು ಮುಳ್ಳುತಂತಿಯ ಶಿಬಿರಗಳನ್ನು ಸೇರಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ. ಹೊರಡಲು ಒಪ್ಪದ ಫ್ರೆಡ್ ಕೊರೆಮಾಟ್ಸು ಎಂಬ ಯುವಕ ಸುಪ್ರೀಂ ಕೋರ್ಟಿನವರೆಗೂ ಹೋದ. 1944ರಲ್ಲಿ ಕೋರ್ಟು ಆತನ ವಿರುದ್ಧವೇ ತೀರ್ಪಿತ್ತಿತು. ಬರೆದವರು ನ್ಯಾಯಮೂರ್ತಿ ಹ್ಯೂಗೋ ಬ್ಲಾಕ್. ಎಂಟು ವರ್ಷಗಳ ಅನಂತರ ಟ್ರೂಮನ್ನರನ್ನು ತಡೆದ ತೀರ್ಪನ್ನು ಬರೆದವರೂ ಅವರೇ! ಕಾರ್ಖಾನೆಗಳ ಒಡೆಯರಿಗೆ ಸಿಕ್ಕ ರಕ್ಷಣೆ ಆ ಬಡಪಾಯಿಗಳಿಗೆ ಸಿಗಲಿಲ್ಲ. ಸರ್ಕಾರ ಕ್ಷಮೆ ಕೇಳಿ, ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರ ನೀಡುವ ಕಾನೂನು ಬಂದದ್ದು 1988ರಲ್ಲಿ. ಆ ತೀರ್ಪು ತಪ್ಪಾಗಿತ್ತೆಂದು ಸುಪ್ರೀಂ ಕೋರ್ಟು ಹೇಳಿದ್ದು 2018ರಲ್ಲಿ. ಅದೂ ಹಲವು ದೇಶಗಳವರ ಪ್ರವೇಶವನ್ನು ನಿರ್ಬಂಧಿಸಿದ ಅಧ್ಯಕ್ಷ ಟ್ರಂಪ್ ಅವರ ಘೋಷಣೆಯನ್ನು, ವಲಸೆ ಕಾನೂನೇ ಆ ಅಧಿಕಾರ ಕೊಟ್ಟಿದೆಯೆಂದು, ಐದು-ನಾಲ್ಕರ ಬಹುಮತದಿಂದ ಎತ್ತಿಹಿಡಿದ ತೀರ್ಪಿನಲ್ಲಿಯೇ.

ಹೀಗೆ ಮಿತಿ ಎಂಬುದು ಕಾಗದದ ಮೇಲಿದ್ದರೆ ಸಾಲದು, "ಇದು ಯಾವ ಕಾನೂನಿನ ಪ್ರಕಾರ?" ಎಂದು ಕೇಳುವವರೊಬ್ಬರು ಬೇಕು, ಅದನ್ನು ಕೇಳಿಸಿಕೊಳ್ಳುವವರೂ ಬೇಕು. ನನ್ನ ತರಗತಿಯಲ್ಲಿ ಕೇಳುವವಳಿದ್ದಳು, ಕೇಳಿಸಿಕೊಳ್ಳುವವನಿರಲಿಲ್ಲ. ಮೇಜಿನ ಹಿಂದೆ ಕುಳಿತು ನಾನು ಹೊರಡಿಸಿದ ಆದೇಶಕ್ಕೆ ಯಾವ ಆಧಾರವಿತ್ತು?

ಕಳೆದ ಶಿಕ್ಷಕರ ದಿನಾಚರಣೆಯಂದು ಆಕೆ ಫೋನು ಮಾಡಿದ್ದಳು. ಆ ಪತ್ರಿಕೆಯ ವಿಷಯ ಎತ್ತಿದೆ. "ಅಯ್ಯೋ, ಅದಿನ್ನೂ ನೆನಪಿದೆಯಾ ಸಾರ್?" ಎಂದು ನಕ್ಕಳು. ಒಂದು ಕ್ಷಣ ಬಿಟ್ಟು, "ನನಗೂ ನೆನಪಿದೆ" ಎಂದಳು.

ಮಗಳೇ, ಆ ಎರಡು ಅಂಕ ನಿನ್ನವು. ತಡವಾಯಿತು, ಕ್ಷಮಿಸು.